ಮತ ಹಾಕಲೇಬೇಕೇ? ಕಡ್ಡಾಯ ಮತದಾನ ಮತ್ತು ಮತ ನಿರಾಕರಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂದಾಗಲೆಲ್ಲ ಮುಂಬಯಿ ಮತ್ತು ಅದರ ಸುತ್ತಲಿನ ಮಾಟುಂಗ, ಸಯನ್, ಮೀರಾರೋಡ್, ಡೊಂಬಿವಲಿ ಕಡೆಯ ಕನ್ನಡಿಗರ ನಡುವೆ ಕೆಲವು ಪ್ರಶ್ನೆಗಳು ತಪ್ಪದೆ ಏಳುತ್ತವೆ. ಸಂಘದ ಸಭೆ ಮುಗಿದು ಚಹಾ ಕುಡಿಯುವಾಗ, ಲೋಕಲ್ ರೈಲಿನಲ್ಲಿ, ನನಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದವುಗಳನ್ನು ಕೇಳಿದವರ ಮಾತಿನಲ್ಲೇ ಬರೆದಿಟ್ಟುಕೊಂಡು, ನನಗೆ ತಿಳಿದ ಮಟ್ಟಿಗೆ ಉತ್ತರಿಸಿದ್ದೇನೆ. ಸರಳವಾದವು ಮೊದಲು ಬಂದಿವೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿದೆ. ಅದನ್ನು ಮರೆಮಾಚುವ ಪ್ರಯತ್ನವನ್ನು ನಾನು ಮಾಡಿಲ್ಲ.

## ಮೊದಲು ತಿಳಿಯಬೇಕಾದವು

ನಮ್ಮ ದೇಶದಲ್ಲಿ ವೋಟು ಹಾಕುವುದು ಕಡ್ಡಾಯವಾ? ಹಾಕದಿದ್ದರೆ ಬ್ಯಾಂಕಿನಿಂದ 350 ರೂಪಾಯಿ ಕಟ್ ಆಗುತ್ತದಂತೆ, ಹೌದಾ?

ಎರಡೂ ಅಲ್ಲ. ಲೋಕಸಭೆಗಾಗಲಿ ವಿಧಾನಸಭೆಗಾಗಲಿ ಮತ ಹಾಕದವರಿಗೆ ಭಾರತದಲ್ಲಿ ಯಾವ ದಂಡವೂ ಇಲ್ಲ. 350 ರೂಪಾಯಿಯ ಆ ವಾಟ್ಸಾಪ್ ಸಂದೇಶ ಸುಳ್ಳೆಂದು ಸ್ಪಷ್ಟನೆ ಬಂದು ವರ್ಷಗಳೇ ಕಳೆದಿವೆ. ಆದರೂ ಪ್ರತಿ ಚುನಾವಣೆಗೆ ಅದು ಹೊಸ ಬಟ್ಟೆ ತೊಟ್ಟು ಬರುತ್ತದೆ. ಸಂವಿಧಾನದ 326ನೆಯ ವಿಧಿ ವಯಸ್ಕ ಮತದಾನವನ್ನು ಚುನಾವಣೆಯ ಬುನಾದಿಯನ್ನಾಗಿ ಮಾಡಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62ನೆಯ ಕಲಮು ಪಟ್ಟಿಯಲ್ಲಿ ಹೆಸರಿರುವವರಿಗೆ ಮತ ಹಾಕುವ ಹಕ್ಕನ್ನು ಕೊಟ್ಟಿದೆ. ಅದೇ ಕಾಯ್ದೆಯ 79ನೆಯ ಕಲಮಿನಲ್ಲಿ ‘ಚುನಾವಣಾ ಹಕ್ಕು’ ಎಂಬುದಕ್ಕೆ ಕೊಟ್ಟಿರುವ ಅರ್ಥದಲ್ಲಿ ಮತ ಹಾಕುವ ಹಕ್ಕಿನ ಪಕ್ಕದಲ್ಲಿಯೇ ಮತ ಹಾಕದೆ ಇರುವ ಹಕ್ಕೂ ಸೇರಿದೆ ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ.

ನಾನು ಮುಂಬಯಿಗೆ ಬಂದು ಇಪ್ಪತ್ತು ವರ್ಷ ಆಯಿತು, ವೋಟು ಮಾತ್ರ ಕುಂದಾಪುರದಲ್ಲಿ ಉಂಟು. ಎರಡೂ ಕಡೆ ಹೆಸರು ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಾರದು. ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರಕೂಡದೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ; ಹಾಗೆ ಗೊತ್ತಿದ್ದೂ ಸುಳ್ಳು ಘೋಷಣೆ ಕೊಡುವುದು ಅಪರಾಧ. ಕಾನೂನಿನ ದೃಷ್ಟಿಯಲ್ಲಿ ಮುಖ್ಯವಾಗುವುದು ನೀವು ಸಾಮಾನ್ಯವಾಗಿ ವಾಸವಾಗಿರುವ ಜಾಗ, ಹುಟ್ಟಿದ ಊರಲ್ಲ. ವಿಳಾಸ ಬದಲಾಗಿದ್ದರೆ ನಮೂನೆ 8ನ್ನು ತುಂಬಿ ಕೊಡಬೇಕು, ಹೊಸದಾಗಿ ಸೇರುವವರು ನಮೂನೆ 6ನ್ನು. ಊರಿನ ಪಟ್ಟಿಯಿಂದ ಹೆಸರು ತೆಗೆಸಿದರೆ ಮನೆಯ ಕೊಂಡಿಯೇ ಕಳಚಿದಂತಾಗುತ್ತದೆ ಎಂದು ಹಿರಿಯರು ಹೇಳುವುದನ್ನು ನಾನು ಹಲವು ಸಲ ಕೇಳಿದ್ದೇನೆ, ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮನೆಯ ನಲ್ಲಿ, ಮಕ್ಕಳ ಶಾಲೆ, ಸ್ಟೇಷನ್ನಿನ ಮೇಲ್ಸೇತುವೆ ಎಲ್ಲವೂ ಇಲ್ಲಿಯವು ಎಂಬುದನ್ನೂ ಜೊತೆಗೆ ನೆನೆಯಬೇಕು.

ಮನೆಯಲ್ಲಿ ಕೂರುವುದಕ್ಕೂ ನೋಟಾ ಒತ್ತುವುದಕ್ಕೂ ಏನು ವ್ಯತ್ಯಾಸ? ಎರಡೂ ವ್ಯರ್ಥವೇ ಅಲ್ವಾ?

ಫಲಿತಾಂಶದ ಲೆಕ್ಕದಲ್ಲಿ ವ್ಯತ್ಯಾಸ ಬಹಳ ಕಡಿಮೆ. ಅರ್ಥದ ಲೆಕ್ಕದಲ್ಲಿ ಬಹಳ ಹೆಚ್ಚು. ಮನೆಯಲ್ಲಿ ಕುಳಿತವರ ಕಾರಣ ಯಾರಿಗೂ ಗೊತ್ತಾಗುವುದಿಲ್ಲ: ಜ್ವರವೋ, ಬೇಸರವೋ, ಪ್ರತಿಭಟನೆಯೋ, ಎಲ್ಲವೂ ‘ಗೈರು’ ಎಂಬ ಒಂದೇ ಗುಡ್ಡೆಗೆ ಬೀಳುತ್ತವೆ. ಮತಯಂತ್ರದ ನೋಟಾ ಗುಂಡಿ ಒತ್ತಿದವರು ಬಿಸಿಲಲ್ಲಿ ನಿಂತು, ಶಾಯಿ ಹಚ್ಚಿಸಿಕೊಂಡು, ‘ಇವರಲ್ಲಿ ಯಾರೂ ಬೇಡ’ ಎಂದು ಹೇಳಿ ಬಂದವರು, ಮತ್ತು ಆ ಮಾತು ಎಣಿಕೆಗೆ ಸಿಗುತ್ತದೆ. ಸರ್ವೋಚ್ಚ ನ್ಯಾಯಾಲಯದ 2013ರ ಸೆಪ್ಟೆಂಬರ್ 27ರ ತೀರ್ಪಿನಿಂದ ಈ ಗುಂಡಿ ಬಂತು. ಅದೇ ವರ್ಷದ ಕೊನೆಯಲ್ಲಿ ಛತ್ತೀಸ್‌ಗಢ, ಮಧ್ಯಪ್ರದೇಶ, ರಾಜಸ್ಥಾನ, ಮಿಜೋರಾಂ ಮತ್ತು ದೆಹಲಿಯ ವಿಧಾನಸಭೆಗಳಿಗೆ ನಡೆದ ಚುನಾವಣೆಗಳಲ್ಲಿ ಅದನ್ನು ಮೊದಲ ಸಲ ಬಳಸಲಾಯಿತು.

ನೋಟಾಕ್ಕೇ ಎಲ್ಲರಿಗಿಂತ ಹೆಚ್ಚು ಬಿದ್ದರೆ ಚುನಾವಣೆ ರದ್ದಾಗುತ್ತದಾ?

ಲೋಕಸಭೆ, ವಿಧಾನಸಭೆಗಳಲ್ಲಿ ಆಗುವುದಿಲ್ಲ. ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಠೇವಣಿ ಉಳಿಯಿತೇ ಹೋಯಿತೇ ಎಂದು ನೋಡುವಾಗಲೂ ನೋಟಾ ಮತಗಳನ್ನು ಸಿಂಧುವಾದ ಮತಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳ ಕಥೆ ಸ್ವಲ್ಪ ಬೇರೆ. ರಾಜ್ಯ ಚುನಾವಣಾ ಆಯೋಗವು 2018ರ ನವೆಂಬರಿನಲ್ಲಿ ಹೊರಡಿಸಿದ ಆದೇಶದಂತೆ ನೋಟಾವನ್ನು ಕಾಲ್ಪನಿಕ ಅಭ್ಯರ್ಥಿಯೆಂದು ಬಗೆದು, ಅದಕ್ಕೆ ಅತಿ ಹೆಚ್ಚು ಮತ ಬಂದ ಸ್ಥಾನಕ್ಕೆ ಮರುಚುನಾವಣೆ ನಡೆಸಬೇಕೆಂದಾಯಿತು.

ನೋಟಾ ಎರಡನೆಯ ಸ್ಥಾನಕ್ಕೆ ಬಂದ ಉದಾಹರಣೆಗಳು ನಮ್ಮ ಸುತ್ತಲೇ ಇವೆ. 2019ರ ವಿಧಾನಸಭಾ ಚುನಾವಣೆಯಲ್ಲಿ ಲಾತೂರು ಗ್ರಾಮೀಣ ಕ್ಷೇತ್ರದಲ್ಲಿ ಗೆದ್ದವರ ನಂತರದ ಸ್ಥಾನ ನೋಟಾದ್ದು. 2022ರ ನವೆಂಬರ್ 3ರಂದು ಅಂಧೇರಿ ಪೂರ್ವದಲ್ಲಿ ನಡೆದ ಉಪಚುನಾವಣೆಯಲ್ಲಿ ಮುಖ್ಯ ಎದುರಾಳಿ ನಾಮಪತ್ರ ಹಿಂತೆಗೆದುಕೊಂಡ ಮೇಲೆ ಮತ ಹಾಕಿದವರು ಶೇಕಡ 31.74 ಮಂದಿ; ಗೆದ್ದ ಋತುಜಾ ಲಟಕೆಯವರಿಗೆ 66,530 ಮತಗಳು, ನೋಟಾಕ್ಕೆ 12,806. ಅಲ್ಲಿ ಬಿದ್ದ ನೋಟಾ ಮತಗಳು ಆರಿಸಲು ತಕ್ಕವರು ಇಲ್ಲದ್ದಕ್ಕೆ ಬಂದ ಸಿಟ್ಟೋ, ಸಂಘಟಿತ ಪಕ್ಷರಾಜಕಾರಣವೋ ಎಂಬ ಬಗ್ಗೆ ಆಗ ಬಹಳ ಜಗಳವಾಯಿತು. ಪ್ರಾಮಾಣಿಕ ನಿರಾಕರಣೆಗೆಂದು ಇಟ್ಟ ಗುಂಡಿಯನ್ನು ಇನ್ನೊಂದು ಉದ್ದೇಶಕ್ಕೂ ಒತ್ತಬಹುದು ಎಂಬುದಂತೂ ಆ ಜಗಳದಿಂದ ಎಲ್ಲರಿಗೂ ತಿಳಿಯಿತು.

## ಕಡ್ಡಾಯದ ಬಗ್ಗೆ

ಆಸ್ಟ್ರೇಲಿಯಾದಲ್ಲಿ ನೂರು ವರ್ಷದಿಂದ ನಡೆಯುತ್ತಿದೆ. ನಮ್ಮಲ್ಲಿ ಯಾಕೆ ಆಗುವುದಿಲ್ಲ?

ಅಲ್ಲಿ ನಡೆಯುತ್ತಿದೆ ಎಂಬುದು ನಿಜ. 1922ರಲ್ಲಿ ಶೇಕಡ 60ನ್ನೂ ಮುಟ್ಟದಿದ್ದ ಮತದಾನ 1924ರ ಕಾನೂನಿನ ನಂತರ 1925ರಲ್ಲಿ ಶೇಕಡ 91ನ್ನು ದಾಟಿತು. ಇಂದಿಗೂ ಅಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮತಗಟ್ಟೆಗೆ ಬರುತ್ತಾರೆ, ಬಾರದವರಿಗೆ 20 ಡಾಲರ್ ದಂಡ. ಆದರೆ ಆ ದಂಡದ ಹಿಂದೆ ಇರುವ ಏರ್ಪಾಟನ್ನು ನಾವು ನೋಡುವುದಿಲ್ಲ. ಅಲ್ಲಿ ಮತದಾನ ಶನಿವಾರದಂದು ನಡೆಯುತ್ತದೆ. ಮುಂಚಿತವಾಗಿ ಹಾಕಬಹುದು, ಅಂಚೆಯಲ್ಲಿ ಹಾಕಬಹುದು, ತನ್ನ ಕ್ಷೇತ್ರದ ಹೊರಗಿದ್ದರೂ ರಾಜ್ಯದೊಳಗಿನ ಬೇರೆ ಮತಗಟ್ಟೆಯಲ್ಲಿ ಹಾಕಬಹುದು. ಆಸ್ಪತ್ರೆಗಳಿಗೂ ದೂರದ ಹಳ್ಳಿಗಳಿಗೂ ಮತಪೆಟ್ಟಿಗೆಯೇ ಹೋಗುತ್ತದೆ. ಅಂದರೆ ಸರ್ಕಾರ ತನ್ನ ಪಾಲಿನ ಕೆಲಸ ಮುಗಿಸಿ ಆಮೇಲೆ ನಾಗರಿಕನ ಪಾಲನ್ನು ಕೇಳುತ್ತದೆ.

ಇನ್ನು ಲೆಕ್ಕಕ್ಕೆ ಬನ್ನಿ. 2024ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 97 ಕೋಟಿ ಮತದಾರರ ಪೈಕಿ ಸುಮಾರು 64 ಕೋಟಿ ಜನ ಮತ ಹಾಕಿದರು. ಉಳಿದ 33 ಕೋಟಿಯಷ್ಟು ಮಂದಿಗೆ ನೋಟಿಸು ಕಳಿಸಿ, ಉತ್ತರ ತರಿಸಿ, ಕಾರಣ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಗುಮಾಸ್ತರನ್ನು ಎಲ್ಲಿಂದ ತರುವುದು? 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಇದನ್ನು ಕಾರ್ಯಸಾಧ್ಯವಲ್ಲವೆಂದು ಬದಿಗಿಟ್ಟಿತು. 2015ರ ಮಾರ್ಚಿನಲ್ಲಿ ಕಾನೂನು ಆಯೋಗದ 255ನೆಯ ವರದಿಯೂ ಕಡ್ಡಾಯ ಮತದಾನ ಬೇಡವೆಂದೇ ಹೇಳಿತು.

ಗುಜರಾತಿನಲ್ಲಿ ಕಾನೂನು ಮಾಡಿದ್ದರಲ್ಲ, ಅದೇನಾಯಿತು?

2009ರ ಡಿಸೆಂಬರಿನಲ್ಲಿ ಅಲ್ಲಿನ ವಿಧಾನಸಭೆ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತದಾನವನ್ನು ಕಡ್ಡಾಯ ಮಾಡುವ ಮಸೂದೆಯನ್ನು ಒಪ್ಪಿತು. ರಾಜ್ಯಪಾಲರಾಗಿದ್ದ ಕಮಲಾ ಬೇನಿವಾಲ್ ಅಂಕಿತ ಹಾಕಲಿಲ್ಲ. ಸದನ ಮತ್ತೊಮ್ಮೆ ಒಪ್ಪಿದ ಮೇಲೂ ಅದು ಹಾಗೆಯೇ ಕುಳಿತಿತ್ತು. 2014ರ ನವೆಂಬರಿನಲ್ಲಿ ಮುಂದಿನ ರಾಜ್ಯಪಾಲ ಓ.ಪಿ. ಕೊಹ್ಲಿಯವರ ಅಂಕಿತ ಬಿತ್ತು. ದಂಡದ ಮೊತ್ತ 100 ರೂಪಾಯಿ. 2015ರ ಆಗಸ್ಟಿನಲ್ಲಿ ಗುಜರಾತ್ ಹೈಕೋರ್ಟು ಅದರ ಜಾರಿಗೆ ತಡೆ ಕೊಟ್ಟಿತು. ಕರ್ನಾಟಕವೂ 2015ರಲ್ಲಿ ಪಂಚಾಯತ್ ಚುನಾವಣೆಗೆ ಮತದಾನ ಕಡ್ಡಾಯವೆಂದು ಕಾಯ್ದೆಗೆ ತಿದ್ದುಪಡಿ ತಂದಿತು, ಆದರೆ ಶಿಕ್ಷೆಯನ್ನು ಇಡಲಿಲ್ಲ. ಶಿಕ್ಷೆ ಇಲ್ಲದ ಕಡ್ಡಾಯ ಎಂದರೆ ಮನೆಯ ಹಿರಿಯರ ಬುದ್ಧಿಮಾತಿನ ಹಾಗೆ. ಕೇಳಿದವರು ತಲೆಯಾಡಿಸುತ್ತಾರೆ, ಅಷ್ಟೇ.

ಮುಂಬಯಿ ಜನ ಸೋಮಾರಿಗಳು ಸ್ವಾಮಿ, ರಜೆ ಕೊಟ್ಟರೆ ಲೋಣಾವಳಕ್ಕೆ ಹೋಗುತ್ತಾರೆ. ದಂಡ ಹಾಕಿದರೆ ಬುದ್ಧಿ ಬಾರದೇ?

ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ತಾವು ಮತ ಹಾಕಿ ಬಂದು ಬೆರಳಿನ ಶಾಯಿ ತೋರಿಸುತ್ತಲೇ ಕೇಳುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಉತ್ತರಿಸಬೇಕು.

ಲೋಣಾವಳಕ್ಕೆ ಹೋಗುವವರು ಇದ್ದಾರೆ. ಮುಂಬಯಿಯಲ್ಲಿ ಮತದಾನ ನಡೆದ 2024ರ ಮೇ 20 ಸೋಮವಾರವಾಗಿತ್ತು. ಶನಿವಾರ, ಭಾನುವಾರಕ್ಕೆ ಅದನ್ನು ಪೋಣಿಸಿಕೊಂಡವರು ನಮ್ಮ ಕಟ್ಟಡದಲ್ಲಿಯೇ ಇದ್ದರು. ಮುಂಬಯಿಯ ಮತದಾನ ಶೇಕಡ 50ರಿಂದ 55ರ ಆಸುಪಾಸಿನಲ್ಲಿ ತೆವಳುತ್ತಿರುವುದು ಹೊಸ ಸುದ್ದಿಯೇನಲ್ಲ. ಅದೇ ವರ್ಷ ಏಪ್ರಿಲ್ 26ರಂದು ಉಡುಪಿ-ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳಲ್ಲಿ ಮತದಾನ ಶೇಕಡ 75ನ್ನು ದಾಟಿತ್ತು. ಒಂದೇ ಮನೆತನದ ಅಣ್ಣ ಊರಿನಲ್ಲಿ ಜಾಗೃತ ನಾಗರಿಕ, ಮುಂಬಯಿಯಲ್ಲಿರುವ ತಮ್ಮ ಸೋಮಾರಿ ಎಂದರೆ ನಂಬುವುದು ಕಷ್ಟ. ಹಾಗಾದರೆ ರಕ್ತದಲ್ಲಿಲ್ಲದ ಸೋಮಾರಿತನ ಊರು ಬದಲಾದ ಕೂಡಲೇ ಎಲ್ಲಿಂದ ಬಂತು?

ನಾನು ಬೆಳಗ್ಗೆ ತಿಂಡಿಗೆ ಹೋಗುವ ಒಂದು ಹೋಟೆಲಿನ ಉದಾಹರಣೆ ಕೊಡುತ್ತೇನೆ. ಒಳಗೆ ದೋಸೆ ಕಾವಲಿಯ ಮುಂದೆ ನಿಲ್ಲುವವರು ಬೈಂದೂರಿನ ಕಡೆಯವರು, ಗಲ್ಲಾದಲ್ಲಿ ಕೂರುವವರು ಕಾಪು ಕಡೆಯವರು, ಟೇಬಲು ಒರೆಸುವ ಹುಡುಗರು ಈಗೀಗ ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು. ಏಪ್ರಿಲ್ 26ರ ಮತಕ್ಕೆಂದು ಬೈಂದೂರಿನವರು ಊರಿಗೆ ಹೋಗಬೇಕಾದರೆ ಹೋಗಲೊಂದು ರಾತ್ರಿ, ಬರಲೊಂದು ರಾತ್ರಿ, ನಡುವೆ ಒಂದು ಹಗಲು, ಜೊತೆಗೆ ಬಸ್ಸಿನ ಎರಡು ಟಿಕೆಟು. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 135-ಬಿ ಕಲಮು ಹೇಳುತ್ತದೆ. ದಾರಿಯ ಎರಡು ರಾತ್ರಿಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ‘ವೋಟಿಗೆ ಹೋಗಿದ್ದರೆ ಆಟಿ ತಿಂಗಳಲ್ಲಿ ಮನೆಗೆ ಹೋಗಲು ರಜೆ ಉಳಿಯುತ್ತಿರಲಿಲ್ಲ’ ಎಂದು ಅವರು ಕಾವಲಿಗೆ ನೀರು ಚಿಮುಕಿಸುತ್ತಾ ನನಗೆ ಹೇಳಿದರು. ಹೆಸರನ್ನು ಇಲ್ಲಿಗೆ ವರ್ಗಾಯಿಸಬಹುದಲ್ಲ ಎಂದೆ. ಅವರು ಮಲಗುವುದು ಹೋಟೆಲಿನ ಮಾಳಿಗೆಯಲ್ಲಿ. ಬಾಡಿಗೆ ಕರಾರು ಇಲ್ಲ, ಕರೆಂಟು ಬಿಲ್ಲಿನಲ್ಲಿ ಹೆಸರಿಲ್ಲ, ವಿಳಾಸಕ್ಕೆ ಏನನ್ನು ತೋರಿಸುವುದು?

ಇಂಥವರಿಗೆ 100 ರೂಪಾಯಿ ದಂಡ ಹಾಕಿದರೆ ಅದು ಒಂದು ಹೊತ್ತಿನ ಊಟದ ದುಡ್ಡು. ಲೋಣಾವಳಕ್ಕೆ ಹೋದವರಿಗೆ ಅದು ಹೆದ್ದಾರಿಯ ಟೋಲ್‌ಗೂ ಸಾಲದು. ವಲಸೆ ಹೋದವರು ಇದ್ದ ಜಾಗದಿಂದಲೇ ಮತ ಹಾಕುವಂಥ ದೂರ ಮತಯಂತ್ರದ ಮಾದರಿಯನ್ನು 2023ರ ಜನವರಿಯಲ್ಲಿ ಚುನಾವಣಾ ಆಯೋಗ ಪಕ್ಷಗಳ ಮುಂದಿಟ್ಟಿತು. ಹಲವು ಪಕ್ಷಗಳು ಆಕ್ಷೇಪಿಸಿದ್ದರಿಂದ ಅದು ಮುಂದೆ ಸಾಗಲಿಲ್ಲ. ಮೊದಲು ಆಗಬೇಕಾದ್ದು ಅಂಥ ಕೆಲಸ. ದಂಡದ ಮಾತು ಬರುವುದಾದರೆ ಅದರ ನಂತರ ಬರಲಿ.

ತೆರಿಗೆ ಕಡ್ಡಾಯ, ಹೆಲ್ಮೆಟ್ ಕಡ್ಡಾಯ. ವೋಟು ಮಾತ್ರ ಏಕೆ ಇಷ್ಟ ಬಂದರೆ?

ತೆರಿಗೆ ಕಟ್ಟುವಾಗ ನಿಮ್ಮ ಹಣ ಬೇಕು, ನಿಮ್ಮ ಅಭಿಪ್ರಾಯ ಬೇಡ. ಬೇಸರದಿಂದ ಕಟ್ಟಿದರೂ ರಸ್ತೆಗೆ ಡಾಂಬರು ಬೀಳುತ್ತದೆ. ಹೆಲ್ಮೆಟ್ಟನ್ನು ಬೈಯುತ್ತಾ ಹಾಕಿಕೊಂಡರೂ ತಲೆ ಉಳಿಯುತ್ತದೆ. ಮತ ಎಂಬ ಪದದ ಅರ್ಥವೇ ಅಭಿಪ್ರಾಯ. ಮನಸ್ಸಿಲ್ಲದೆ ಕೊಟ್ಟ ಅಭಿಪ್ರಾಯ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಅಭಿಪ್ರಾಯವಾಗುವುದಿಲ್ಲ. ನಮ್ಮ ಭಾಷೆ ಅದಕ್ಕೆ ‘ದಾನ’ ಎಂಬ ಮಾತನ್ನೂ ಸೇರಿಸಿದೆ, ಮರಾಠಿಯಲ್ಲೂ ಹಾಗೆಯೇ; ಕಿತ್ತುಕೊಂಡದ್ದನ್ನು ಯಾರೂ ದಾನವೆನ್ನುವುದಿಲ್ಲ. ಪದದ ಮೇಲೆ ಇಷ್ಟು ಭಾರ ಹೇರಬಾರದೆಂದು ನನ್ನ ವಕೀಲ ಮಿತ್ರರೊಬ್ಬರು ಆಕ್ಷೇಪಿಸುತ್ತಾರೆ, ಅದೂ ಸರಿಯೇ.

ಹಾಗೆಂದು ಅದು ಕರ್ತವ್ಯವೇ ಅಲ್ಲವೆಂದು ನಾನು ಹೇಳುತ್ತಿಲ್ಲ. ಸಂವಿಧಾನದ 51-ಎ ವಿಧಿಯ ಮೂಲಭೂತ ಕರ್ತವ್ಯಗಳಲ್ಲಿ ಮತದಾನ ಇಲ್ಲ. ಅದನ್ನು ಸೇರಿಸಬೇಕೆಂದು ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಆಯೋಗ 2002ರಲ್ಲಿ ಶಿಫಾರಸು ಮಾಡಿತ್ತು. ತಾಯ್ತಂದೆಯರ ಜೊತೆ ದಿನಕ್ಕೊಮ್ಮೆಯಾದರೂ ಮಾತಾಡುವುದೂ ಕರ್ತವ್ಯವೇ. ಕರ್ತವ್ಯಗಳೆಲ್ಲ ದಂಡಸಂಹಿತೆಗೆ ಸೇರಬೇಕಾದವುಗಳಲ್ಲ.

ಕಡ್ಡಾಯದ ಪರವಾಗಿ ಒಂದಾದರೂ ಗಟ್ಟಿ ವಾದ ಇಲ್ಲವೇ? ನೀವು ಒಂದೇ ಕಡೆಯದನ್ನು ಹೇಳುತ್ತೀರಿ.

ಇದೆ, ಮತ್ತು ಅದು ಸಮಾನತೆಯ ವಾದ. ಮತದಾನ ಐಚ್ಛಿಕವಾಗಿರುವ ಪಾಶ್ಚಾತ್ಯ ದೇಶಗಳಲ್ಲಿ ಮತಗಟ್ಟೆಗೆ ಬಾರದವರು ಬಹುಪಾಲು ಬಡವರು, ಕಿರಿಯರು, ಕಡಿಮೆ ಓದಿದವರು; ಬರುವವರ ಹಿತವನ್ನೇ ಸರ್ಕಾರ ನೋಡುತ್ತದೆ; ಆದ್ದರಿಂದ ಎಲ್ಲರನ್ನೂ ಕರೆತರುವ ಕಾನೂನು ಬಡವರ ಪರವಾದ ಕಾನೂನು ಎಂದು ರಾಜ್ಯಶಾಸ್ತ್ರಜ್ಞ ಅರೆಂಡ್ ಲೇಪ್‌ಹಾರ್ಟ್ 1990ರ ದಶಕದಲ್ಲಿ ವಾದಿಸಿದರು. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ನೆದರ್ಲೆಂಡ್ಸ್ 1970ರಲ್ಲಿ ಕಡ್ಡಾಯವನ್ನು ಕೈಬಿಟ್ಟ ಕೂಡಲೇ ಶೇಕಡ 95ರಷ್ಟಿದ್ದ ಮತದಾನ ಮುಂದಿನ ಚುನಾವಣೆಯಲ್ಲಿ ಶೇಕಡ 79ಕ್ಕೆ ಇಳಿಯಿತು. ಚಿಲಿ 2012ರಲ್ಲಿ ಐಚ್ಛಿಕ ಮಾಡಿ ಕೈಸುಟ್ಟುಕೊಂಡು, 2022ರ ಜನಮತಗಣನೆಯಲ್ಲಿ ಮತ್ತೆ ಕಡ್ಡಾಯ ಮಾಡಿದಾಗ ಶೇಕಡ 85ಕ್ಕೂ ಹೆಚ್ಚು ಮಂದಿ ಬಂದರು.

ಆದರೆ ಭಾರತದಲ್ಲಿ ಈ ವಾದ ತಲೆಕೆಳಗಾಗಿ ನಿಲ್ಲುತ್ತದೆ. ಇಲ್ಲಿ ಮತಗಟ್ಟೆಯ ಮುಂದೆ ಉದ್ದ ಸಾಲು ಕಾಣುವುದು ಝೋಪಡಪಟ್ಟಿಯ ಬದಿಯಲ್ಲಿ, ಹಳ್ಳಿಯಲ್ಲಿ. ಖಾಲಿ ಕುರ್ಚಿ ಕಾಣುವುದು ಗೇಟಿಗೆ ಕಾವಲುಗಾರನಿರುವ ಗೃಹಸಂಕುಲಗಳಲ್ಲಿ. ನಮ್ಮಲ್ಲಿ ಬಾರದ ಬಡವರು ಹೆಚ್ಚಾಗಿ ಊರು ಬಿಟ್ಟ ಬಡವರು. ಅವರನ್ನು ದೂರವಿಟ್ಟಿರುವುದು ಮನಸ್ಸಿಲ್ಲದಿರುವಿಕೆಯಲ್ಲ, ವಿಳಾಸ. ಹಾಗಾಗಿ ಲೇಪ್‌ಹಾರ್ಟ್ ತೋರಿಸಿದ ರೋಗವನ್ನು ಒಪ್ಪುತ್ತೇನೆ, ಅವರ ಮದ್ದು ನಮ್ಮ ಮೈಗೆ ಹಿಡಿಯದು ಎನ್ನುತ್ತೇನೆ.

ಪ್ರಾಸಂಗಿಕವಾಗಿ ಒಂದು ವಿಚಿತ್ರ: ಬೆಲ್ಜಿಯಂನಲ್ಲಿ ಹದಿನೈದು ವರ್ಷದೊಳಗೆ ನಾಲ್ಕು ಸಲ ತಪ್ಪಿಸಿದವರ ಹೆಸರನ್ನು ಹತ್ತು ವರ್ಷದ ಮಟ್ಟಿಗೆ ಪಟ್ಟಿಯಿಂದ ತೆಗೆಯಬಹುದು, ಸಿಂಗಪುರದಲ್ಲಿ ಒಮ್ಮೆ ತಪ್ಪಿಸಿದರೂ ತೆಗೆಯುತ್ತಾರೆ. ಊಟ ಬೇಡವೆಂದವನಿಗೆ ಉಪವಾಸದ ಶಿಕ್ಷೆ.

## ತತ್ತ್ವಕ್ಕಾಗಿ ನಿರಾಕರಣೆ

ನನ್ನ ಒಂದು ವೋಟಿನಿಂದ ಏನು ಆಗಲಿಕ್ಕುಂಟು?

2024ರಲ್ಲಿ ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದಲ್ಲಿ ರವೀಂದ್ರ ವಾಯ್ಕರ್ ಅವರು ಅಮೋಲ್ ಕೀರ್ತಿಕರ್ ಅವರನ್ನು ಸೋಲಿಸಿದ್ದು 48 ಮತಗಳಿಂದ. ಇಬ್ಬರೂ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮತ ಪಡೆದಿದ್ದರು, ನೋಟಾಕ್ಕೆ 15 ಸಾವಿರಕ್ಕೂ ಮಿಕ್ಕಿ ಬಿದ್ದಿತ್ತು. ನಲವತ್ತೆಂಟು ಜನ ಎಂದರೆ ಬೋರಿವಲಿ ಲೋಕಲಿನ ಒಂದು ಡಬ್ಬಿಯ ಬಾಗಿಲ ಬಳಿ ಬೆಳಗ್ಗೆ ಜೋತುಬೀಳುವಷ್ಟು ಮಂದಿ. ಇಂಥದ್ದು ಅಪರೂಪ, ಬಹುತೇಕ ಚುನಾವಣೆಗಳಲ್ಲಿ ಒಂದು ಮತ ಫಲಿತಾಂಶವನ್ನು ಅಲುಗಿಸುವುದಿಲ್ಲ ಎಂಬುದೂ ನಿಜ. ಆದರೆ ಆ ಕಾರಣಕ್ಕೆ ಮನೆಯಲ್ಲಿ ಉಳಿಯುವುದನ್ನು ತತ್ತ್ವವೆಂದು ಕರೆಯಬಾರದು, ಅದು ಬರಿಯ ಲೆಕ್ಕಾಚಾರ.

ಹಾಗಾದರೆ ‘ತತ್ತ್ವಕ್ಕಾಗಿ ಹಾಕುವುದಿಲ್ಲ’ ಎಂದರೆ ಏನು? ಸೋಮಾರಿತನಕ್ಕೆ ಇಟ್ಟ ಚೆಂದದ ಹೆಸರಲ್ಲವೇ?

ಹಲವು ಸಲ ಅದೇ. ಎರಡನ್ನು ಬೇರ್ಪಡಿಸಲು ನಾನು ಮೂರು ವಿಷಯ ನೋಡುತ್ತೇನೆ: ನಿರಾಕರಿಸಿದವರು ಕಾರಣವನ್ನು ಮೊದಲೇ ಹೇಳಿದ್ದರೇ, ಅದಕ್ಕಾಗಿ ಏನನ್ನಾದರೂ ಕಳೆದುಕೊಳ್ಳಲು ಸಿದ್ಧರಿದ್ದರೇ, ಮತದಾನದ ಮರುದಿನವೂ ಆ ಕಾರಣದ ಬೆನ್ನು ಹತ್ತಿದ್ದರೇ.

ನಮ್ಮ ಹಳೆಯ ಚಾಳಿನಲ್ಲಿದ್ದ ನಿವೃತ್ತ ಮಾಸ್ತರರೊಬ್ಬರು, ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು, ನೋಟಾ ಬರುವ ಮುಂಚಿನ ಒಂದು ಚುನಾವಣೆಯಲ್ಲಿ ಮತಗಟ್ಟೆಗೆ ಹೋಗಿ, ಗುರುತು ತೋರಿಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿ, ಶಾಯಿಯನ್ನೂ ಹಚ್ಚಿಸಿಕೊಂಡು, ‘ನಾನು ಯಾರಿಗೂ ಹಾಕುವುದಿಲ್ಲ, ಬರೆದುಕೊಳ್ಳಿ’ ಎಂದರು. 1961ರ ಚುನಾವಣಾ ನಿಯಮಾವಳಿಯ 49-ಓ ನಿಯಮ ಅದಕ್ಕೆ ಅವಕಾಶ ಕೊಟ್ಟಿತ್ತು. ಅಧಿಕಾರಿಗೆ ಆ ನಿಯಮವೇ ಗೊತ್ತಿರಲಿಲ್ಲ. ಮಾವ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರು, ಅದನ್ನು ಓದಿಸಿದರು. ಹಿಂದೆ ಸಾಲು ಬೆಳೆಯಿತು, ಪಕ್ಷಗಳ ಏಜೆಂಟರು ಕತ್ತು ಚಾಚಿ ನೋಡಿದರು, ಕೊನೆಗೆ ಷರಾ ಬರೆದು ಇನ್ನೊಂದು ಸಹಿ ಹಾಕಿಸಿಕೊಂಡರು. ಸಂಜೆಯ ಹೊತ್ತಿಗೆ ಇಡೀ ಚಾಳಿಗೆ ಸುದ್ದಿ ಮುಟ್ಟಿತ್ತು. ಆ ಮೇಲೆ ಬಹಳ ದಿನ ಸ್ಥಳೀಯ ಕಾರ್ಯಕರ್ತರು ಅವರ ಮನೆಯ ಮುಂದೆ ಹಾದುಹೋಗುವಾಗ ದನಿ ಏರಿಸುತ್ತಿದ್ದರು, ಗಣಪತಿ ಮಂಟಪದ ಪ್ರಸಾದ ಅವರ ಬಾಗಿಲಿಗೆ ಬರುವುದು ನಿಂತಿತು. ಮಾವ ಮಾತ್ರ ಪಾಲಿಕೆಗೆ ಚರಂಡಿಯ ಬಗ್ಗೆ ಅರ್ಜಿ ಬರೆಯುವುದನ್ನು ಬಿಡಲಿಲ್ಲ.

2013ರ ತೀರ್ಪು 49-ಓ ನಿಯಮವನ್ನು ಗುಟ್ಟನ್ನು ಮುರಿಯುವಷ್ಟರ ಮಟ್ಟಿಗೆ ಅಸಿಂಧುವೆಂದದ್ದು ಇಂಥ ಕಾರಣಕ್ಕೆ: ಮತ ಹಾಕಿದವರಿಗೆ ಇರುವ ಗೌಪ್ಯತೆ ನಿರಾಕರಿಸಿದವರಿಗೂ ಇರಬೇಕು. ತೀರ್ಪು ಸರಿಯಾದದ್ದು. ಆದರೂ ಗುಂಡಿ ಒತ್ತಿ ಸದ್ದಿಲ್ಲದೆ ಬರುವ ನಿರಾಕರಣೆಗೂ ಮಾವನ ನಿರಾಕರಣೆಗೂ ತೂಕದಲ್ಲಿ ವ್ಯತ್ಯಾಸವಿದೆ ಎಂದು ನನಗೆ ಇಂದಿಗೂ ಅನಿಸುತ್ತದೆ.

ಸ್ವಾತಂತ್ರ್ಯ ಹೋರಾಟದಲ್ಲೇ ಚುನಾವಣೆ ಬಹಿಷ್ಕರಿಸಿದ್ದರಲ್ಲ. ಈಗ ಮಾಡಿದರೆ ತಪ್ಪೇನು?

ತಪ್ಪಿಲ್ಲ, ಆದರೆ ಆ ಕಥೆಯನ್ನು ಪೂರ್ತಿ ಓದಬೇಕು. ಬ್ರಿಟಿಷ್ ಸರ್ಕಾರ ತಂದ 1919ರ ಸುಧಾರಣೆಗಳಂತೆ 1920ರ ನವೆಂಬರಿನಲ್ಲಿ ನಡೆದ ಶಾಸನಸಭೆಗಳ ಚುನಾವಣೆಯಿಂದ ಕಾಂಗ್ರೆಸ್ ದೂರ ಉಳಿಯಿತು. ಅದು ಒಂಟಿ ಕ್ರಮವಾಗಿರಲಿಲ್ಲ. ಜನ ಬಿರುದುಗಳನ್ನು ಹಿಂದಿರುಗಿಸಿದರು, ವಕೀಲರು ಕೋರ್ಟು ಬಿಟ್ಟರು, ವಿದ್ಯಾರ್ಥಿಗಳು ಸರ್ಕಾರಿ ಶಾಲೆ ಬಿಟ್ಟರು. ಆದರೂ ಶಾಸನಸಭೆಗಳು ಖಾಲಿ ಉಳಿಯಲಿಲ್ಲ, ಮಿತವಾದಿಗಳು ಹೋಗಿ ಕುಳಿತರು. ಎರಡು ವರ್ಷದೊಳಗೆ ಕಾಂಗ್ರೆಸ್ಸಿನಲ್ಲಿಯೇ ಒಡಕು ಹುಟ್ಟಿತು: ಬಹಿಷ್ಕಾರ ಮುಂದುವರಿಯಲಿ ಎಂಬುವವರು ಒಂದು ಕಡೆ, ಒಳಹೊಕ್ಕು ಒಳಗಿನಿಂದಲೇ ಅಡ್ಡಗಟ್ಟೋಣ ಎಂದ ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ ಇನ್ನೊಂದು ಕಡೆ. 1923ರಲ್ಲಿ ಸ್ವರಾಜ್ಯ ಪಕ್ಷ ಕಣಕ್ಕಿಳಿಯಿತು. ಮುಂಬಯಿಯ ವಿಠ್ಠಲಭಾಯಿ ಪಟೇಲರು ಕೇಂದ್ರ ಶಾಸನಸಭೆಗೆ ಆರಿಸಿ ಹೋಗಿ 1925ರಲ್ಲಿ ಅದರ ಅಧ್ಯಕ್ಷರೇ ಆದರು.

ಖಾಲಿ ಬಿಟ್ಟ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂಬುದು ಆಗಲೂ ಈಗಲೂ ಅಷ್ಟೇ ನಿಜ. 2005ರಲ್ಲಿ ವೆನೆಜುವೆಲಾದ ವಿರೋಧ ಪಕ್ಷಗಳು ಸಂಸತ್ ಚುನಾವಣೆಯನ್ನು ಬಿಟ್ಟುಕೊಟ್ಟಾಗ ಇಡೀ ಸದನ ಅಧ್ಯಕ್ಷ ಚಾವೆಜ್ ಬೆಂಬಲಿಗರ ಪಾಲಾಯಿತು. 2014ರ ಜನವರಿಯಲ್ಲಿ ಬಾಂಗ್ಲಾದೇಶದ ಪ್ರಮುಖ ವಿರೋಧ ಪಕ್ಷ ದೂರ ಉಳಿದಾಗ 300ರಲ್ಲಿ 153 ಸ್ಥಾನಗಳಿಗೆ ಮತದಾನವೇ ನಡೆಯಲಿಲ್ಲ.

‘ರಸ್ತೆ ಆಗುವ ತನಕ ವೋಟಿಲ್ಲ’ ಎಂದು ಹಳ್ಳಿಯವರು ಬೋರ್ಡು ಹಾಕುತ್ತಾರಲ್ಲ, ಅದು ಸರಿಯಾ?

ನನ್ನ ಪ್ರಕಾರ ಅದು ಬಹುಪಾಲು ಚೌಕಾಸಿ, ಮತ್ತು ಒಳ್ಳೆಯ ಚೌಕಾಸಿ. ಬೋರ್ಡು ಏರಿದ ಮರುದಿನವೇ ತಹಶೀಲ್ದಾರರ ಜೀಪು ಊರಿಗೆ ಬರುತ್ತದೆ, ಅದಕ್ಕಿಂತ ಮುಂಚೆ ಹತ್ತು ಅರ್ಜಿಗೂ ಬಂದಿರುವುದಿಲ್ಲ. ನನ್ನ ಆಕ್ಷೇಪ ಒಂದೇ: ಊರಿನ ನಾಲ್ಕು ಮಂದಿ ಯಜಮಾನರು ತೀರ್ಮಾನಿಸಿ, ಹಾಕಲು ಹೊರಟ ಹೆಂಗಸರನ್ನೋ ಕೇರಿಯವರನ್ನೋ ತಡೆದು ನಿಲ್ಲಿಸಿದರೆ ಅದು ನಿರಾಕರಣೆಯಲ್ಲ, ಬಲಾತ್ಕಾರ. ಮತ ಹಾಕದಂತೆ ಬೆದರಿಸುವುದೂ ಇಂಥವರಿಗೇ ಹಾಕು ಎಂದು ಬೆದರಿಸುವುದೂ ಕಾನೂನಿನಲ್ಲಿ ಒಂದೇ ಬಗೆಯ ಅನುಚಿತ ಪ್ರಭಾವ.

ಕಡ್ಡಾಯ ಮಾಡಿ ನೋಟಾವನ್ನೂ ಇಟ್ಟರೆ ಆಯಿತಲ್ಲ. ಆಗ ಯಾರ ಆತ್ಮಸಾಕ್ಷಿಗೂ ಧಕ್ಕೆಯಿಲ್ಲವಲ್ಲ?

ಈ ಪುಟದಲ್ಲಿ ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ ಪ್ರಶ್ನೆ ಇದು. ಅಭ್ಯರ್ಥಿಗಳು ಬೇಡವೆನ್ನುವವರಿಗೆ ಈ ಉತ್ತರ ಸಾಕು. ಆದರೆ ನಿರಾಕರಿಸುವವರಲ್ಲಿ ಇನ್ನೊಂದು ಬಗೆಯವರಿದ್ದಾರೆ. ಅವರ ತಕರಾರು ಹೆಸರುಗಳ ಬಗ್ಗೆ ಅಲ್ಲ, ಆ ವಿಧಿಯಲ್ಲಿ ಪಾಲ್ಗೊಳ್ಳುವ ಬಗ್ಗೆ. ಕೆಲವು ಅರಾಜಕತಾವಾದಿಗಳಿಗೆ ಯಾರನ್ನಾದರೂ ಆಳಲು ಕಳಿಸುವುದೇ ಒಪ್ಪಿಗೆಯಿಲ್ಲ. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದವರು ನಂಬಿಕೆಯ ಕಾರಣದಿಂದ ಸಾಮಾನ್ಯವಾಗಿ ಮತ ಹಾಕುವುದಿಲ್ಲ. ಇವರಿಗೆ ನೋಟಾ ಒತ್ತುವುದೂ ಪಾಲ್ಗೊಂಡಂತೆಯೇ.

ಆಸ್ಟ್ರೇಲಿಯಾದಲ್ಲಿ ಇದೇ ಪ್ರಶ್ನೆ 1926ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯದ ಮುಂದೆ ಬಂತು. ಎಲ್ಲ ಅಭ್ಯರ್ಥಿಗಳೂ ಬಂಡವಾಳಶಾಹಿಯ ಪರವೇ ಆಗಿರುವಾಗ ತಾನು ಯಾರಿಗೂ ಹಾಕಲಾರೆ ಎಂದು ಸಮಾಜವಾದಿ ಅರ್ನೆಸ್ಟ್ ಜಡ್ ವಾದಿಸಿದರು. ಅದು ಸಾಕಾದ ಕಾರಣವಲ್ಲವೆಂದು ಬಹುಮತದ ತೀರ್ಪು ಬಂತು. ಅಲ್ಲಿನ ಕಾನೂನು ಇಂದು ಧಾರ್ಮಿಕ ಕರ್ತವ್ಯವೆಂದು ದೂರ ಉಳಿದವರ ಕಾರಣವನ್ನು ಒಪ್ಪುತ್ತದೆ, ರಾಜಕೀಯ ನಂಬಿಕೆಯಿಂದ ಉಳಿದವರದನ್ನು ಒಪ್ಪುವುದಿಲ್ಲ. ನನಗೆ ತೊಡಕು ಕಾಣುವುದು ಇಲ್ಲಿಯೇ. ದಂಡ ಇಟ್ಟ ದಿನವೇ ವಿನಾಯಿತಿ ಇಡಬೇಕಾಗುತ್ತದೆ; ವಿನಾಯಿತಿ ಇಟ್ಟ ದಿನವೇ ‘ಏಕೆ ಹಾಕಲಿಲ್ಲ’ ಎಂದು ಕೇಳುವ ಅಧಿಕಾರಿ ಹುಟ್ಟುತ್ತಾನೆ; ಯಾರ ಮನಸ್ಸಾಕ್ಷಿ ನಿಜವಾದದ್ದು, ಯಾರದು ನೆಪ ಎಂದು ಅವನು ಮೇಜಿನ ಆಚೆಯಿಂದ ತೀರ್ಮಾನಿಸುತ್ತಾನೆ. ತತ್ತ್ವನಿಷ್ಠೆಗೆ ನಾನು ಮೇಲೆ ಹೇಳಿದ ಮೂರು ಪರೀಕ್ಷೆಗಳು ಗೆಳೆಯರ ನಡುವಿನ ಮಾತಿಗೆ ಸರಿ. ಅವನ್ನು ಸರ್ಕಾರದ ಕೈಗೆ ಕೊಡಲು ನಾನು ತಯಾರಿಲ್ಲ. ಸೋಮಾರಿಗಳು ಒಂದಷ್ಟು ಮಂದಿ ತಪ್ಪಿಸಿಕೊಳ್ಳುವುದು ಅದಕ್ಕೆ ತೆರಬೇಕಾದ ಬೆಲೆಯಾದರೆ ತೆರೋಣ.

ನಮ್ಮ ಸರ್ವೋಚ್ಚ ನ್ಯಾಯಾಲಯ 1986ರಲ್ಲಿ, ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡದ ಕೇರಳದ ಮೂವರು ಮಕ್ಕಳನ್ನು, ಅವರೂ ಯೆಹೋವನ ಸಾಕ್ಷಿಗಳೇ, ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ತೀರ್ಮಾನಿಸಿತು. ಮಾತಿನ ಹಕ್ಕಿನಲ್ಲಿ ಮೌನದ ಹಕ್ಕೂ ಇದೆ ಎಂಬ ಈ ಎಳೆಯನ್ನು ಹಿಡಿದು ನಡೆದರೆ ಮತಗಟ್ಟೆಯ ಬಾಗಿಲಿಗೂ ತಲುಪಬಹುದೆಂದು ನನ್ನ ಭಾವನೆ.

ಇಷ್ಟೆಲ್ಲ ಹೇಳುವ ನೀವು ಸ್ವತಃ ವೋಟು ಹಾಕುತ್ತೀರಾ?

ಹಾಕುತ್ತೇನೆ, ಪಟ್ಟಿಯಲ್ಲಿ ಹೆಸರಿದ್ದರೆ. ಒಮ್ಮೆ ನೋಟಾ ಒತ್ತಿದ್ದೇನೆ. ಏಕೆಂದು ಕೇಳಿದವರಿಗೆಲ್ಲ ಕಾರಣ ಹೇಳಿದ್ದೇನೆ. 2024ರ ಮೇ ತಿಂಗಳಲ್ಲಿ ಒಂದೂವರೆ ಗಂಟೆ ಬಿಸಿಲಿನಲ್ಲಿ ನಿಂತು ಶಾಲೆಯ ಕೋಣೆಯೊಳಗೆ ಹೋದಾಗ ನನ್ನ ಹೆಂಡತಿಯ ಹೆಸರಿತ್ತು, ನನ್ನದಿರಲಿಲ್ಲ. ಒಂದೇ ಮನೆ, ಒಂದೇ ಪುಟ, ಅವಳ ಹೆಸರಿನ ಮೇಲೊಂದು ಕೆಳಗೊಂದು ಅಪರಿಚಿತ ಹೆಸರು. ಕಡ್ಡಾಯದ ಕಾನೂನು ಇದ್ದಿದ್ದರೆ ಆ ದಿನ ಯಾರಿಗೆ ದಂಡ ಹಾಕುತ್ತಿದ್ದರು ಎಂದು ಮನೆಗೆ ಬರುವ ರಿಕ್ಷಾದಲ್ಲಿ ಅವಳು ಕೇಳಿದಳು. ಆಮೇಲೆ ನಮೂನೆ 6ನ್ನು ಎರಡು ಸಲ ತುಂಬಿದೆ. ಈಗ ಹೆಸರು ಬಂದಿದೆ, ತಂದೆಯ ಹೆಸರಿನ ಕಾಗುಣಿತ ತಪ್ಪಿದೆ. ನಮೂನೆ 8 ಮೇಜಿನ ಮೇಲಿದೆ, ಫೋಟೋ ಅಂಟಿಸುವುದೊಂದು ಬಾಕಿ.